ಗಾಜು ಹೊದ್ದ ಕಾರು

ಅಕ್ಟೋಬರ್ 30, ಗುರುವಾರ

ರಾತ್ರಿ ಎರಡೂವರೆಗೆ ಗುಂಯ್ ಎನ್ನುವ ಸದ್ದಿಗೆ ಎಚ್ಚರವಾಯಿತು. ಕಣಜದ ಹುಳು ಕೋಣೆಗೆ ನುಗ್ಗಿತೇನೋ ಎಂದು ಮೊದಲು ತೊಟ್ಟಿಲ ಕಡೆ ಕೈ ಚಾಚಿದೆ. ಪಾಪು ಮುಷ್ಟಿ ಬಿಗಿದುಕೊಂಡು ಮಲಗಿದ್ದಳು. ಸದ್ದು ಬರುತ್ತಿದ್ದದ್ದು ಹಿತ್ತಿಲ ಟ್ರ್ಯಾಕ್ಟರ್ ಶೆಡ್ಡಿನಿಂದ. ಇವರು ಪಾಲಿಶ್ ಮೆಷಿನ್ ಹಿಡಿದು ಕಾರಿನ ಮೈ ಉಜ್ಜುತ್ತಿದ್ದರು.

ಈ ಹೊತ್ತಿನಲ್ಲಿ?

ಇವರು ಕೊಯಮತ್ತೂರಿಗೆ ಹೋಗಿ ಸೆರಾಮಿಕ್ ಕೋಟಿಂಗ್ ಹಾಕುವುದನ್ನು ಕಲಿತು ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಕಾರಿನ ಬಣ್ಣದ ಮೇಲೆ ಸಣ್ಣ ಸೀಸೆಯ ದ್ರಾವಣವನ್ನು ಸವರಿ ಒಣಗಿಸಿದರೆ ಗಾಜಿನಂಥ ಪದರ ಕೂರುತ್ತದಂತೆ. ಮಣ್ಣು ಅಂಟುವುದಿಲ್ಲವಂತೆ, ನೀರು ನಿಲ್ಲುವುದಿಲ್ಲವಂತೆ, ಬಿಸಿಲಿಗೆ ಬಣ್ಣ ಮಾಸುವುದಿಲ್ಲವಂತೆ. ಎಲ್ಲವೂ ಅಂತೆ. ಘಾಟಿಯ ಕೆಳಗಿನ ಊರುಗಳಿಂದ ಹಳೆಯ ಕಾರು ತಂದು, ಕೋಟಿಂಗ್ ಹಾಕಿ, ನಮ್ಮ ಸೀಮೆಯಲ್ಲಿ ಮಾರುವುದು ಇವರ ಹೊಸ ಕಸುಬು. ಮೊದಲನೆಯ ಕಾರು ನನ್ನ ಅಣ್ಣನಿಗೇ ಹೋಗಲಿದೆ, ಪಣಕಹಳ್ಳಿಯ ನಟರಾಜಣ್ಣನಿಗೆ.

ಅಣ್ಣನಿಗೆ ಕಾರು ಬೇಕಾದದ್ದು ಶೋಕಿಗಲ್ಲ. ಮಾಲಿನಿ ಅತ್ತಿಗೆಗೆ ಈಗ ಏಳು ತಿಂಗಳು. ಹಿಂದಿನ ಸಲ ನೋವು ಶುರುವಾದಾಗ ಬೈಕಿನಲ್ಲಿ ಹಾಸನೂರಿಗೆ ಕರೆದೊಯ್ದು, ಅಲ್ಲಿ ಘಾಟಿ ಇಳಿದು ಸತ್ಯಮಂಗಲದ ಆಸ್ಪತ್ರೆಗೆ ಹೋಗುವ ಬಸ್ಸು ಕಾಯುತ್ತ ಕುಳಿತಲ್ಲೇ ಮಗು ಹೋಯಿತು. ಈ ಸಲ ಸ್ವಂತ ಕಾರಿನಲ್ಲೇ ಅವಳನ್ನು ದಿಂಬಂ ಘಾಟಿ ಇಳಿಸುತ್ತೇನೆಂದು ಅಣ್ಣ ಹಠ ತೊಟ್ಟಿದ್ದಾನೆ. ಹಾಗಾಗಿ ಆ ಕಾರಿನ ಮೇಲೆ ನನಗೂ ಒಂದು ಕಣ್ಣು.

ಎದ್ದು ಹೋದೆ. ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಕಿಟಕಿಗೆ ಟಾರ್ಪಾಲು ಇಳಿಬಿಟ್ಟಿದ್ದರು.

"ನೀ ಯಾಕ್ ಎದ್ದೆ? ಓಗು, ಪಾಪು ಎದ್ಬುಟ್ಟಾಳು."

"ಹಗಲು ಹೊತ್ತಿನಲ್ಲಿ ಮಾಡಬಾರದೇನ್ರೀ?"

"ಅಗಲೊತ್ತು ಧೂಳು ಕಣ. ಕೋಟಿಂಗ್ ಮ್ಯಾಲೆ ಒಂದು ಕಣ ಕೂತ್ರೂ ಕೆಟ್ಟೋಯ್ತದೆ. ರಾತ್ರಿ ಗಾಳಿ ಇರಾಕಿಲ್ಲ."

ಸರಿಯಾದ ಉತ್ತರವೇ. ಆದರೆ ಉತ್ತರ ಕೊಡುವಾಗ ಇವರು ಎರಡು ಹೆಜ್ಜೆ ಸರಿದು ಕಾರಿನ ಎಡಮಗ್ಗುಲಿಗೂ ನನಗೂ ನಡುವೆ ನಿಂತರು. ಬೇಕೆಂದೇ ನಿಂತರೋ, ಕಾಲು ಮರಗಟ್ಟಿ ಸರಿದರೋ ತಿಳಿಯಲಿಲ್ಲ. ಒಳಗಿನಿಂದ ಉಗುರುಬಣ್ಣ ಅಳಿಸುವ ಎಣ್ಣೆಯಂಥ ಘಾಟು ಮೂಗಿಗೆ ಹೊಡೆಯಿತು. ವಾಪಸ್ಸು ಬಂದು ಕೋಣೆಯ ಕಿಟಕಿಯ ಸಂದಿಗೆ ಹಳೆಯ ಲಂಗ ತುರುಕಿದೆ. ಪಾಪು ಎರಡು ಸಲ ಕೆಮ್ಮಿದಳು. ಆ ಘಾಟಿಗೇ ಇರಬಹುದು. ಇಲ್ಲದೆಯೂ ಇರಬಹುದು.

ನಿದ್ದೆಯಿಲ್ಲದವಳ ಕಿವಿಗೆ ಇಲಿ ಓಡಿದರೂ ಕಳ್ಳನ ಹೆಜ್ಜೆಯೇ ಕೇಳುತ್ತದೆಂದು ಅತ್ತೆ ಅನ್ನುತ್ತಾರೆ. ಪಾಪು ಹುಟ್ಟಿ ಎಂಟು ತಿಂಗಳಾದರೂ ನನಗೆ ಒಂದು ಪೂರ್ತಿ ರಾತ್ರಿಯ ನಿದ್ದೆ ಬಂದಿಲ್ಲ. ಚಾಮರಾಜನಗರದ ಡಾಕ್ಟರಮ್ಮ, ತಲೆಯಲ್ಲಿ ಸುತ್ತುವುದನ್ನೆಲ್ಲ ಬರೆದಿಡು, ಹಗುರವಾಗುತ್ತದೆ ಎಂದರು. ಬರೆಯುತ್ತಿದ್ದೇನೆ. ಹಗುರವೇನೂ ಆಗಿಲ್ಲ.

ನವೆಂಬರ್ 1, ಶನಿವಾರ

ಅಣ್ಣ ಕಾರು ನೋಡಲು ಬಂದಿದ್ದ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಕಡುನೀಲಿ ಬಾನೆಟ್ಟಿನಲ್ಲಿ ಅವನ ಮೀಸೆ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಬಾಗಿ ನೋಡಿಕೊಂಡು ಮೀಸೆ ತಿದ್ದಿಕೊಂಡ.

ಇವರು ತಮ್ಮ ಬೈಕಿನ ಟ್ಯಾಂಕಿಗೆ ಮೊದಲೇ ಕೋಟಿಂಗ್ ಹಾಕಿ ನೋಡಿದ್ದರು. ಅದರ ಮೇಲೆ ಒಂದು ಚೊಂಬು ನೀರು ಸುರಿದು ತೋರಿಸಿದರು. ನೀರು ಹನಿಹನಿಯಾಗಿ ಉರುಳಿ ಹೋಯಿತು.

"ಭಾವ, ಇದುನ್ನ ನನ್ ತಲೆಗೂ ಒಂದ್ಕಿತ ಬಳುದ್ಬುಡಿ. ಮಾಲಿನಿ ಬಯ್ಯೋದೆಲ್ಲ ಅಂಗೇ ಜಾರೋಗ್ಲಿ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಕೇಳಿದೆ. "ಘಾಟಿಯಲ್ಲಿ ಲಾರಿ ಚಕ್ರದಿಂದ ಜಲ್ಲಿ ಸಿಡಿದರೆ ತಡೆಯುತ್ತಾ?"

"ಒಂಬತ್ತು ಎಚ್ ಗಟ್ಟಿ ಇದು," ಎಂದರು ಇವರು, ಅಣ್ಣನ ಕಡೆ ನೋಡುತ್ತ. ಕೇಳಿದವಳು ನಾನು.

ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದ್ದೇನೆ. ಒಂಬತ್ತು ಎಚ್ ಎನ್ನುವುದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಗಟ್ಟಿತನದ ಅಳತೆ. ಪೆನ್ಸಿಲ್ಲಿಗೆ ಹೆದರದ್ದು ಕಲ್ಲಿಗೂ ಹೆದರದು ಎಂದೇನಿಲ್ಲ. ಪಾಪುವಿಗೆ ಹಾಲು ಕುಡಿಸುತ್ತ ಮೊಬೈಲಿನಲ್ಲಿ ಹುಡುಕಿ ಓದಿದೆ. ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರವಂತೆ. ಗೀರು ಬೀಳುತ್ತದೆ, ಕಲ್ಲು ಬಡಿದರೆ ಬಣ್ಣ ಎದ್ದೇ ಏಳುತ್ತದೆ. ಬೋರ್‌ವೆಲ್ ನೀರು ಅದರ ಮೇಲೆ ಒಣಗಿದರೆ ಬಿಳಿಯ ಚುಕ್ಕೆ ಉಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಒಂದು ಸಾಲನ್ನು ಮಾತ್ರ ಎರಡು ಸಲ ಓದಿದೆ: ಅದು ಕೆಳಗಿರುವ ದೋಷವನ್ನು ಸರಿಮಾಡುವುದಿಲ್ಲ, ಇದ್ದ ಹಾಗೇ ಒಳಗೆ ಮುಚ್ಚಿ ಕೂರುತ್ತದೆ.

ಹಾಗಾದರೆ ಈ ಕಾರಿನ ಕೆಳಗೆ ಏನಿದೆ ಎಂದು ಯಾರು ನೋಡಿದ್ದಾರೆ? ಅಣ್ಣ ನೋಡಿದ್ದು ತನ್ನ ಮೀಸೆಯನ್ನು.

ನವೆಂಬರ್ 3, ಸೋಮವಾರ

ಕಾರ್ತಿಕ ಸೋಮವಾರ. ಇವತ್ತಿನ ರಾಮಾಯಣ ಬರೆಯದೆ ಮಲಗಿದರೆ ತಲೆ ಸಿಡಿಯುತ್ತದೆ.

ಇವರು ಬೆಳಿಗ್ಗೆಯೇ ತಾಳವಾಡಿಗೆ ಹೋಗಿದ್ದರು. ನಿನ್ನೆಯಷ್ಟೇ ಕೊನೆಯ ಕೋಟಿಂಗ್ ಮುಗಿದಿತ್ತು. ಒಂದು ವಾರ ಕಾರಿಗೆ ಹನಿ ನೀರು ತಾಗಬಾರದು, ಪದರ ಇನ್ನೂ ಹಸಿ, ಅದು ಗಟ್ಟಿಯಾಗಬೇಕು ಎಂದು ನನಗೆ ಹೇಳಿ ಹೋದರು. ಅತ್ತೆಗೆ ಹೇಳಲಿಲ್ಲ. ಅತ್ತೆ ಚನ್ನಮಲ್ಲಮ್ಮನವರಿಗೆ ಯಾವ ಶಾಸ್ತ್ರವನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಸೆಯ ತವರಿಗೆ ಹೋಗುವ ವಾಹನ, ಅದೂ ಕಾರ್ತಿಕ ಸೋಮವಾರ, ಪೂಜೆ ಇಲ್ಲದೆ ಇರುತ್ತದೆಯೇ? ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇದು, ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಅಡ್ಡಕ್ಕೆ ಎಳೆದಿದ್ದಾರೆ. ಅಷ್ಟು ಸಾಲದೆಂದು ಎರಡೂ ಮುಂದಿನ ಚಕ್ರಗಳ ಮೇಲಿನ ತಗಡಿಗೂ ಎಳೆದಿದ್ದಾರೆ. ನಾನು ಪಾಪುವಿಗೆ ಗಂಜಿ ಕಾಯಿಸುತ್ತಿದ್ದೆ. ನೋಡಲಿಲ್ಲ.

ಸಂಜೆ ಇವರು ಬಂದು ನೋಡುವಾಗ ವಿಭೂತಿ ಒಣಗಿ ಬೆಳ್ಳಗೆ ಕೂತಿತ್ತು. ಬಟ್ಟೆ ತಂದು ಒರೆಸಿದರು. ಬೂದಿ ಹೋಯಿತು, ಗೆರೆ ಹೋಗಲಿಲ್ಲ. ನೀಲಿಯೊಳಗೆ ಮೂರು ಮಂಕು ಗೆರೆ, ಉಗುರಿನಲ್ಲಿ ಕೆತ್ತಿದ ಹಾಗೆ.

"ಅವ್ವಾ! ಏನವ್ವಾ ಮಾಡ್ಬುಟ್ಟೆ!"

"ಏನ್ಲಾ ಮಾಡ್ದೆ? ಈಬತ್ತಿ ಇಕ್ದೆ. ನಿನ್ ಅಣೆಗೂ ದಿನಾ ಇಕ್ತಿರ್ನಿಲ್ವಾ? ನೀನೇನ್ ಕೆಟ್ಟೋದಾ?"

"ವಂಡಿಗೆ ನೀರು ತಾಗ್ಬಾರ್ದು ಕಣವ್ವಾ, ಏಳ್ ದಿನ!"

"ಅದೇನ್ಲಾ ಅಂಗಂದ್ರೆ, ಬಾಣಂತಿನಾ ಅದು? ಆವತ್ತು ನೀನೇ ತಾನೇ ಯೇಳ್ದೆ, ಇದ್ಕೆ ಏನೂ ಅಂಟಾಕಿಲ್ಲ ಅಂತ. ಈಗ ನೋಡು, ಸಿವ ಅಂಟ್ಕಂಡ."

ನಗು ತಡೆಯಲಾರದೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಒಲೆಯ ಮುಂದೆ ನಿಂತ ಮೇಲೆ ಹೊಳೆಯಿತು. ಬೂದಿ ಎಂದರೆ ಕ್ಷಾರ. ಹಸಿ ಪದರದ ಮೇಲೆ ದಿನವಿಡೀ ಒದ್ದೆ ಕ್ಷಾರ ಕೂತರೆ ತಿನ್ನದೆ ಬಿಡುತ್ತದೆಯೇ? ಅದು ತಿಳಿಯಿತು. ತಿಳಿಯದ್ದು ಬೇರೆ. ಮೂರು ಗೆರೆಗಳಿಗೆ ಇವರು ಅಷ್ಟು ಬೆವರಿದ್ದೇಕೆ? ಬಾನೆಟ್ಟಿನ ಗೆರೆ ದೊಡ್ಡದು, ಎದ್ದು ಕಾಣುವಂಥದು. ಇವರು ಓಡಿ ಹೋಗಿ ಮೊದಲು ಒರೆಸಿದ್ದು ಎಡಗಡೆ ಚಕ್ರದ ಮೇಲಿನದನ್ನು.

ಅತ್ತೆಗೆ ನಿಜಕ್ಕೂ ಗೊತ್ತಿರಲಿಲ್ಲವೇ? ಈಗ ನನಗೆ ಅವರ ಮೇಲೂ ಅನುಮಾನ ಬರುತ್ತಿದೆ. ಮಲಗಬೇಕು.

ನವೆಂಬರ್ 4, ಮಂಗಳವಾರ

ಗೆರೆ ಹೋಗಬೇಕಾದರೆ ಕೋಟಿಂಗನ್ನೇ ತೆಗೆಯಬೇಕಂತೆ. ಕಲೆಯಾದ ಕಡೆಯಷ್ಟೇ ತೇಪೆ ಹಾಕಿದರೆ ತೇಪೆ ಬೇರೆಯಾಗಿ ಕಾಣುತ್ತದಂತೆ. ಉಜ್ಜಿ ತೆಗೆಯುವಾಗ ಕೆಳಗಿನ ಬಣ್ಣವೂ ಒಂದಿಷ್ಟು ಸವೆದು ಹೋಗುತ್ತದೆ. ಬಣ್ಣ ಕಾಯುತ್ತದೆಂದು ಹಾಕಿದ್ದನ್ನು ತೆಗೆಯಲು ಬಣ್ಣವನ್ನೇ ತಿನ್ನಬೇಕು. ಇದನ್ನೂ ಇವರು ಅಣ್ಣನಿಗೆ ಹೇಳಿದ್ದಾರೆಯೇ?

ಮಧ್ಯಾಹ್ನ ಕಾಫಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಬಲಗಡೆ ಚಕ್ರದ ಮೇಲಿನ ಗೆರೆಯನ್ನು ಉಜ್ಜಿ ಮುಗಿಸಿದ್ದರು. ನೀಲಿ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಈಗ ಎಡಗಡೆ ಕೂತಿದ್ದರು. ಅಲ್ಲಿ ನೀಲಿ ಪೂರ್ತಿ ಎದ್ದು ಹೋಗಿತ್ತು. ಕೆಳಗೆ ತಗಡು ಕಾಣಬೇಕಿತ್ತು. ಕಂಡದ್ದು ಬೂದುಬಣ್ಣದ, ಗೋಡೆಗೆ ಮೆತ್ತುವ ಪುಟ್ಟಿಯಂಥದು. ಬೆರಳ ಗಾತ್ರದ ಜಾಗದಲ್ಲಿ ಕಾಣಿಸಿತು, ಅಷ್ಟರಲ್ಲಿ ಇವರು ಅದರ ಮೇಲೆ ಒರೆಸುವ ಬಟ್ಟೆ ಹಾಕಿದರು.

"ಅದೇನ್ರೀ ಅದು?"

"ಒಂದು ಗೀರಿತ್ತು. ಪುಟ್ಟಿ ತುಂಬಿದ್ರು ಅಷ್ಟೇಯ."

"ಯಾರು?"

"ಕಾಫಿ ಆರೋಯ್ತದೆ, ಕೊಡು."

ಒಂದು ಗೀರು ತುಂಬುವುದಕ್ಕೆ ಎಷ್ಟು ಪುಟ್ಟಿ ಬೇಕು? ನನಗೆ ಗೊತ್ತಿಲ್ಲ. ಆದರೆ ಪಾಪುವಿನ ಹೊಟ್ಟೆನೋವಿಗೂ ಹಸಿವಿಗೂ ಅಳುವಿನಲ್ಲಿ ವ್ಯತ್ಯಾಸ ಗೊತ್ತಾಗುವ ಹಾಗೆ, ಇವರ ಎರಡು ಬಗೆಯ ಮೌನಗಳ ವ್ಯತ್ಯಾಸ ನನಗೆ ಗೊತ್ತಾಗುತ್ತದೆ.

ನವೆಂಬರ್ 5, ಬುಧವಾರ

ಇವರು ಹೊಲದ ಕಡೆ ಹೋದಾಗ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತದ ಬೊಂಬೆಯನ್ನು ಕಿತ್ತುಕೊಂಡು ಶೆಡ್ಡಿಗೆ ಹೋದೆ. ಬಲಗಡೆ ಬಾಗಿಲಿಗೆ ಇಟ್ಟೆ, ಟಕ್ಕೆಂದು ಕಚ್ಚಿತು. ಬಲಗಡೆ ಚಕ್ರದ ಮೇಲೂ ಕಚ್ಚಿತು. ಎಡಗಡೆ ಚಕ್ರದ ಮೇಲೆ ಇಟ್ಟೆ, ಜಾರಿ ಬಿತ್ತು. ಎತ್ತಿ ಇಟ್ಟೆ, ಮತ್ತೆ ಬಿತ್ತು. ದೀಪದ ಪಕ್ಕದಿಂದ ಚಕ್ರದ ತನಕ ಎಲ್ಲಿಟ್ಟರೂ ನಿಲ್ಲಲಿಲ್ಲ.

ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ಚಕ್ರದ ಹಿಂದೆ ನೋಡಿದೆ. ಒಳಗಿನ ದಪ್ಪ ಕಬ್ಬಿಣದ ತೊಲೆಯ ಮೇಲೆ ಗಂಟುಗಂಟಾಗಿ ಬೆಸುಗೆ. ಅದರ ಮೇಲೆ ಹೊಸ ಕಪ್ಪು ಬಣ್ಣ ಬಳಿದಿದ್ದಾರೆ. ಬಲಗಡೆಯದು ಹಾಗಿಲ್ಲ.

ಬೊಂಬೆಯನ್ನು ಫ್ರಿಜ್ಜಿಗೆ ವಾಪಸ್ಸು ಅಂಟಿಸಿದೆ. ಯಾರೂ ನೋಡಲಿಲ್ಲ.

ನವೆಂಬರ್ 7, ಶುಕ್ರವಾರ

ಕೇಳಿದೆ. ಎರಡು ದಿನ ನುಂಗಿಕೊಂಡು, ಇವತ್ತು ಅತ್ತೆ ಹಾಲಿನ ಸೊಸೈಟಿಗೆ ಹೋದಾಗ ಕೇಳಿದೆ. ಬೊಂಬೆಯ ಕಥೆ ಹೇಳಿದಾಗ ಮೊದಲು ನಕ್ಕರು.

"ಪತ್ತೇದಾರಿ ಶುರು ಮಾಡ್ಬುಟ್ಟಾ? ರಾತ್ರಿ ಮಲಗದಿದ್ರೆ ಇಂಗೇ ಆಗೋದು."

"ಬೆಸುಗೆ ಹಾಕಿದ್ದಾರಲ್ಲ, ಅದೂ ನಿದ್ದೆಗೆಟ್ಟವಳ ಕಣ್ಣಿಗೆ ಕಂಡದ್ದಾ?"

ನಗು ನಿಂತಿತು. ಕುರ್ಚಿ ಎಳೆದುಕೊಂಡು ಕೂತರು. ಮುಂದುಗಡೆ ಒಂದೇಟು ಬಿದ್ದಿತ್ತಂತೆ. ಯಾವುದಕ್ಕೆ ಗುದ್ದಿತ್ತೋ ಇವರಿಗೂ ಗೊತ್ತಿಲ್ಲವಂತೆ. ಕೆಳಗೆ ಕೊಂಡಾಗಲೇ ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರಂತೆ. ಹೊಸ ಬಣ್ಣಕ್ಕೂ ಹಳೆಯ ಬಣ್ಣಕ್ಕೂ ಹೊಂದುತ್ತಿರಲಿಲ್ಲ. ಕೋಟಿಂಗ್ ಹಾಕಿದ ಮೇಲೆ ಎಲ್ಲ ಒಂದೇ ಹೊಳಪಾಯಿತಂತೆ.

"ಬೆಸೆದ್ಮೇಲೆ ಗಟ್ಟಿನೇ ಇರ್ತದೆ ಕಣ. ಊರಲ್ಲಿ ಓಡೋ ಅರ್ಧ ವಂಡಿ ಇಂಗೇಯ."

"ಹಾಗಾದರೆ ಅಣ್ಣನಿಗೆ ಹೇಳಿ. ಹೇಳಿದ ಮೇಲೂ ಬೇಕೆಂದರೆ ತೆಗೆದುಕೊಳ್ಳಲಿ."

"ಯೇಳ್ತೀನಿ. ಕೀ ಕೊಡುವಾಗ ಎಲ್ಲಾ ನಾನೇ ಯೇಳ್ತೀನಿ. ನೀ ಮುಂಚೇನೇ ಬಾಯ್ ಬುಡ್ಬ್ಯಾಡ. ನನ್ನ ಮೊದಲ್ನೇ ವಂಡಿ ಇದು. ಪಾಪು ತಲೆ ಮುಟ್ಟಿ ಯೇಳ್ಲಾ?"

ಕೈ ಚಾಚಿದರು. ನನ್ನ ತೊಡೆಯ ಮೇಲಿದ್ದ ಮಗುವನ್ನು ನಾನು ಆಚೆ ಎಳೆದುಕೊಂಡೆ. ಯಾಕೆ ಎಳೆದುಕೊಂಡೆನೋ ನನಗೇ ತಿಳಿಯದು. ಅವರ ಕೈ ಗಾಳಿಯಲ್ಲೇ ಉಳಿಯಿತು. ನೆತ್ತಿಯಿಂದ ಪಾದದ ತನಕ ಅವರೊಮ್ಮೆ ನನ್ನನ್ನು ನೋಡಿದರು, ಯಾರೋ ಹೊಸಬಳು ಮನೆಗೆ ಬಂದಂತೆ.

ನವೆಂಬರ್ 9, ಭಾನುವಾರ

ಕಾರು ಹೋಯಿತು.

ಎಡಗಡೆಗೆ ಮತ್ತೆ ಪುಟ್ಟಿ, ಮತ್ತೆ ಬಣ್ಣ, ಮತ್ತೆ ಕೋಟಿಂಗ್, ಎಲ್ಲ ನಾಲ್ಕೇ ದಿನದಲ್ಲಿ. ಹೊಸ ಬಣ್ಣ ಉಸಿರಾಡಿ ಆರುವುದಕ್ಕೆ ವಾರಗಟ್ಟಲೆ ಬೇಕು, ಅದಕ್ಕೂ ಮುಂಚೆ ಮೇಲೆ ಗಾಜು ಮುಚ್ಚಿದರೆ ಒಳಗಿನ ಹಬೆ ಹೋಗಲು ದಾರಿಯಿಲ್ಲದೆ ಬೊಬ್ಬೆ ಏಳುತ್ತದೆ ಎಂದು ನಾನು ಓದಿದ್ದೇನೆ. ಅವರು ಓದಿಲ್ಲವೇ? ಬಾನೆಟ್ಟಿನ ಮೂರು ಗೆರೆ ಮಾತ್ರ ಉಳಿದವು. ಅವನ್ನು ಉಜ್ಜಲು ಅತ್ತೆ ಬಿಡಲಿಲ್ಲ.

ಅಣ್ಣನಿಗೆ ಅದೇ ದೊಡ್ಡ ಸಂತೋಷ. "ಸಿವನೇ ಬಂದು ಮುಂದ್ಗಡೆ ಕೂತವ್ನಲ್ಲ ಅತ್ತೆ, ಇನ್ನು ಆರ್ನ್ ಯಾಕೆ!" ಎಂದ.

"ಆರ್ನೂ ಒಡೀಲಾ ಮೂದೇವಿ. ಆನೆಗೇನ್ ಈಬತ್ತಿ ಗೊತ್ತಾದದಾ?" ಎಂದರು ಅತ್ತೆ.

ಅವರ ಮಗ ಅಣ್ಣನ ಕೈಗೆ ಕೀ ಇಟ್ಟು ಉಪದೇಶ ಶುರು ಮಾಡಿದರು. ಸೋಪಿನ ಪುಡಿ ಹಾಕಿ ತೊಳೆಯಬಾರದು. ಬೋರ್‌ವೆಲ್ ನೀರನ್ನು ಮೈಮೇಲೆ ಒಣಗಲು ಬಿಡಬಾರದು. ಹುಣಸೆಮರದ ಕೆಳಗೆ ನಿಲ್ಲಿಸಬಾರದು, ಹಕ್ಕಿ ಹಿಕ್ಕೆ ಬಿದ್ದರೆ ಕೂಡಲೇ ಒರೆಸಬೇಕು, ಒರೆಸುವ ಬಟ್ಟೆ ಮೆತ್ತಗಿರಬೇಕು. ಅಣ್ಣ ಮಂತ್ರ ಕೇಳುವವನಂತೆ ತಲೆಯಾಡಿಸುತ್ತಿದ್ದ. ಮುಂದಿನ ಮಾತಿಗೆ ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಅಮ್ಮೀ, ಕೂಸು ಅಳ್ತಾ ಅದೆ," ಎಂದು ಕರೆದರು. ಹೋದರೆ ಮಗು ಅಷ್ಟೇನೂ ಅಳುತ್ತಿರಲಿಲ್ಲ. ವಾಪಸ್ಸು ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

"ಹೇಳಿದಿರಾ?"

"ಯೇಳ್ದೆ."

"ಏನಂದ?"

"ಏನಂತಾನೆ? ನಕ್ಕ."

ನನ್ನ ಅಣ್ಣ ಎಂಥ ಮಾತಿಗೆ ನಗುತ್ತಾನೆ, ಎಂಥ ಮಾತಿಗೆ ನಗುವುದಿಲ್ಲ ಎನ್ನುವುದು ನನಗೆ ಗೊತ್ತು.

ನವೆಂಬರ್ 12, ಬುಧವಾರ

ಅಣ್ಣನಿಗೆ ಫೋನ್ ಮಾಡಿದೆ. ಗಂಡ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕು ಎಂದು ಸನ್ನೆ ಮಾಡಿದರು.

"ಕಾರು ಹೇಗಿದೆ ಅಣ್ಣ?"

"ಆಚೆಗೇ ತೆಗ್ದಿಲ್ಲ ಕಣವ್ವ. ಮಳೆ ನೀರ್ ಒಣಗುದ್ರೆ ಚುಕ್ಕೆ ಬೀಳ್ತದಂತಲ್ಲ. ಕೊಟ್ಟಿಗೆ ಖಾಲಿ ಮಾಡಿ ಅದ್ರೊಳಕ್ಕೆ ನಿಲ್ಸಿವ್ನಿ. ದನ ಈಚೆ, ಕಾರು ಒಳಗೆ. ಮಾಲಿನಿ ನಗ್ತಾಳೆ."

"ಕಾರಿನ ವಿಷಯ ಇವರು ಪೂರ್ತಿ ಹೇಳಿದರಾ?"

"ಓ, ಎಲ್ಲಾ ಯೇಳವ್ರೆ. ಸೋಪ್ ಪುಡಿ ಆಕ್ಬ್ಯಾಡ ಅಂದವ್ರೆ."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಮುಂದೆ ಕೇಳಲಿಲ್ಲ. ಹೊಳಪು ಹೋದೀತೆಂಬ ಹೆದರಿಕೆಗೆ ಅಣ್ಣ, ಅವತ್ತು ಮನೆಗೆ ಒಯ್ದದ್ದು ಬಿಟ್ಟರೆ, ಕಾರನ್ನು ಓಡಿಸಿಯೇ ನೋಡಿಲ್ಲ. ಇನ್ನಷ್ಟು ಓಡಿಸಿದ್ದರೆ ಕೈಗಾದರೂ ಏನಾದರೂ ತಿಳಿಯುತ್ತಿತ್ತು.

ನವೆಂಬರ್ 15, ಶನಿವಾರ

ಉಮಾಶಂಕರ್ ಸ್ನಾನಕ್ಕೆ ಹೋಗಿದ್ದಾಗ ಅವರ ಫೋನ್ ರಿಂಗಾಯಿತು. ಅಣ್ಣನ ಹೆಸರು ನೋಡಿ ಎತ್ತಿಕೊಂಡೆ. ನಾನಾಗಿ ಗಂಡನ ಫೋನ್ ಎತ್ತಿದ್ದು, ಗಂಡನ ಹೆಸರು ಹೀಗೆ ಬರೆದದ್ದು, ಎರಡೂ ಇದೇ ಮೊದಲಿರಬೇಕು.

"ಭಾವ ಇಲ್ವಾ? ಇವತ್ತು ತಾಳವಾಡಿ ತಂಕ ಓಡಿಸ್ದೆ ಕಣವ್ವ. ಚೆನ್ನಾಗದೆ. ಆದ್ರೆ ಕೈ ಸಡ್ಲ ಬುಟ್ರೆ ಎಡಕ್ಕೆ ಓಯ್ತದೆ. ಅದೇನೋ ಕೇಳವಾ ಅಂತ."

"ಅಣ್ಣ, ಎಡಗಡೆ..."

ಒದ್ದೆ ಕೈ ನನ್ನ ಕಿವಿಯಿಂದ ಫೋನನ್ನು ತೆಗೆದುಕೊಂಡಿತು. "ಏನಿಲ್ಲ ನಟರಾಜು, ಗಾಳಿ ಎಚ್ಚುಕಮ್ಮಿ ಆಗಿರ್ತದೆ. ಚಕ್ರಕ್ಕೆ ಗಾಳಿ ನೋಡುಸ್ಕೊ."

ಫೋನ್ ಇಟ್ಟ ಮೇಲೆ ಒದರಾಟವಾಯಿತು. ನಾನೂ ಒದರಿದೆ. ಪಾಪು ಹೆದರಿ ಅತ್ತಳು.

"ನೀವು ಹೇಳಿಲ್ಲ."

"ಈಗ ಯೇಳುದ್ರೆ ಈ ಸೀಮೇಲಿ ಇನ್ಯಾರು ನನ್ ವಂಡಿ ತಗತ್ತಾರೆ? ಬಾಮೈದಂಗೇ ಮೋಸ ಮಾಡ್ದ ಅಂತಾರೆ."

"ಅಂದರೆ ಮೋಸ ಅಂತ ನಿಮಗೂ ಗೊತ್ತು."

ತಲೆ ಒರೆಸಿಕೊಳ್ಳುತ್ತ ನಿಂತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, ಮುಂದಿನ ಕಾರು ಮಾರಿದ ಮೇಲೆ ಇದನ್ನು ವಾಪಸ್ಸು ತಂದು ಅಣ್ಣನಿಗೆ ಒಳ್ಳೆಯದನ್ನು ಕೊಡುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದರು. ಕಣ್ಣು ಒದ್ದೆಯಾಗಿತ್ತು. ಅದು ಸ್ನಾನದ ನೀರೋ ಏನೋ.

ಅತ್ತಿಗೆಗೆ ಡಿಸೆಂಬರ್ ತನಕ ಕೆಳಗೆ ಹೋಗುವ ಕೆಲಸವಿಲ್ಲ. ಸಮಯವಿದೆ ಎಂದುಕೊಂಡು ಸುಮ್ಮನಾದೆ.

ನವೆಂಬರ್ 17, ಸೋಮವಾರ

ಉಮಾಶಂಕರ್ ಬೆಳಿಗ್ಗೆಯೇ ಕೊಯಮತ್ತೂರಿಗೆ ಹೋದ, ಎರಡನೆಯ ಕಾರು ತರುವುದಕ್ಕೆ. ಸಂಜೆಯಿಂದ ಗಾಳಿ, ಮಳೆ. ದೀಪ ಹಚ್ಚುವ ಹೊತ್ತಿಗೆ ಮಾಲಿನಿ ಅತ್ತಿಗೆಯ ಫೋನ್ ಬಂತು.

"ಕಾಲು ಊತ್ಕಂಡದೆ ದಿವ್ಯ. ನರ್ಸಮ್ಮ ಬಂದು ನೋಡುದ್ರು. ಬೀಪಿ ಜಾಸ್ತಿ ಅದೆ, ಕೆಳಕ್ಕೆ ದೊಡ್ಡಾಸ್ಪತ್ರೆಗೆ ಓಗ್ಬುಡಿ ಅಂದ್ರು. ಬೆಳಿಗ್ಗೆ ಘಾಟಿ ಗೇಟು ತೆಗೀತಿದ್ದಂಗೆ ಮೊದಲ್ನೇ ಕಾರು ನಮ್ದೇಯ ಅಂತಾವ್ರೆ ನಿಮ್ಮಣ್ಣ. ಕಾರು ಒರುಸ್ತಾ ಕೂತವ್ರೆ ನೋಡು, ನನ್ ಬುಟ್ಬುಟ್ಟು!"

ನಗುತ್ತಿದ್ದಳು. ಕಾಡುಪ್ರಾಣಿಗಳು ಓಡಾಡುತ್ತವೆಂದು ಘಾಟಿಗೆ ರಾತ್ರಿ ಗೇಟು ಹಾಕಿ ಬೆಳಿಗ್ಗೆಯೇ ತೆಗೆಯುವುದು. ನಾನು, "ಅತ್ತಿಗೆ, ಆ ಕಾರಿನಲ್ಲಿ ಬೇಡ," ಎಂದೆ. ಎಲ್ಲಿಯವರೆಗೆ ಕೇಳಿಸಿತೋ ಕಾಣೆ, ಲೈನು ಕಟ್ಟಾಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಇಬ್ಬರ ಫೋನೂ ಸಿಗುತ್ತಿಲ್ಲ. ಅಲ್ಲಿ ಕರೆಂಟು ಹೋಗಿರಬೇಕು, ಟವರೂ ಸತ್ತಿರಬೇಕು. ಕಳಿಸಿದ ಮೆಸೇಜುಗಳಿಗೆಲ್ಲ ಒಂದೇ ಗೀಟು, ಒಂದೂ ತಲುಪಿಲ್ಲ.

ಉಮಾಶಂಕರ್ ಸಿಕ್ಕಿದ. ಎಲ್ಲ ಹೇಳಿದೆ.

"ಒಂದ್ಸಲ ಇಳಿಯಾಕೆ ಏನೂ ಆಗಾಕಿಲ್ಲ ಕಣ. ನಾನು ಬಂದು ಯೇಳ್ತೀನಿ. ನೀ ಮಲಿಕೊ."

ಒಂದು ಸಲ ಇಳಿಯುವುದಕ್ಕೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಒಂದು ಸಲ. ಅವನ ಮಾತು ಮುಗಿಯುವ ಮುಂಚೆಯೇ ನಾನು ಫೋನ್ ಇಟ್ಟೆ.

ಅತ್ತೆ ಎದ್ದು ಬಂದರು. "ಏನಮ್ಮಿ, ಈ ಒತ್ನಲ್ಲಿ ಯಾರ್ಗೆ ಬರೀತಾ ಇದ್ದೀ?"

ಬೆಸುಗೆ, ಪುಟ್ಟಿ, ಸುಳ್ಳು ಎಲ್ಲವನ್ನೂ ಹೇಳಿದೆ. ಮಗನ ಮೇಲೆ ಹೇಳುತ್ತಿದ್ದೇನೆ, ಬಯ್ಯಲಿ ಎಂದುಕೊಂಡೇ ಹೇಳಿದೆ. ಅತ್ತೆ ಗೋಡೆಗೊರಗಿ ಕೂತರು.

"ಆವತ್ತು ಕಾರ್ ಓಗುವಾಗ ನಿನ್ನ ಒಳಕ್ಕೆ ಕರಿ ಅಂತ ಅವ್ನೇ ಯೇಳಿದ್ದ ಕಣಮ್ಮಿ. ಯಾಕೆ ಅಂತ ನಾ ಕೇಳ್ಲಿಲ್ಲ." ಎದ್ದು ನಿಂತು, "ಬರಿ. ಬರ್ದು ಕಳ್ಸು. ನನ್ ಮಗನ್ನ ನಾ ನೋಡ್ಕತೀನಿ," ಎಂದು ಪಾಪುವನ್ನು ಎತ್ತಿಕೊಂಡು ಒಳಗೆ ಹೋದರು.

ಅಣ್ಣ, ಇಲ್ಲಿಂದ ಮುಂದೆ ನಿನಗೆ.

ಇಷ್ಟು ದಿನ ನನಗೊಬ್ಬಳಿಗೇ ಬರೆಯುತ್ತಿದ್ದೆ. ಮೊಬೈಲಿನಲ್ಲಿ ಬರೆಯಲು ಹೋದರೆ ಒಂದೊಂದು ಸಾಲನ್ನೂ ಅಳಿಸುತ್ತ ಕೂರುತ್ತೇನೆ. ಅದಕ್ಕೇ ಪೆನ್ನಿನಲ್ಲಿ ಬರೆದು, ಈ ಪುಟದ ಫೋಟೋ ತೆಗೆದು ನಿನಗೂ ಅತ್ತಿಗೆಗೂ ಕಳಿಸುತ್ತೇನೆ. ಟವರ್ ಯಾವ ಗಳಿಗೆಯಲ್ಲಿ ಜೀವ ಹಿಡಿದರೂ ಮೊದಲು ನಿನ್ನ ಕಣ್ಣಿಗೆ ಇದೇ ಬೀಳಲಿ.

ಆ ಕಾರು ಎಲ್ಲೋ ಗುದ್ದಿ ಮುರಿದದ್ದು. ಎಡಗಡೆ ಮುಂಭಾಗದಲ್ಲಿ ನೀನು ನೋಡುತ್ತಿರುವುದು ತಗಡಲ್ಲ, ಪುಟ್ಟಿ. ಒಳಗಿನ ತೊಲೆ ತುಂಡಾಗಿ ಬೆಸೆದದ್ದು. ಬೆಸುಗೆಯನ್ನು ನಾನೇ ನೋಡಿದ್ದೇನೆ. ಅದು ಎಡಕ್ಕೆ ಎಳೆಯುವುದು ಗಾಳಿ ಕಮ್ಮಿಯಾಗಿ ಅಲ್ಲ. ಭಾವ ನಿನಗೆ ಹೇಳಬೇಕಾದದ್ದನ್ನು ಹೇಳಿಲ್ಲ. ನನಗೂ ಗೊತ್ತಿತ್ತು, ನಾನೂ ಹೇಳಲಿಲ್ಲ. ಮನೆ ಒಡೆದೀತೆಂದು ಹೆದರಿ ಸುಮ್ಮನಿದ್ದೆ.

ಆ ಕಾರಿನಲ್ಲಿ ಅತ್ತಿಗೆಯನ್ನು ಕೂರಿಸಬೇಡ. ನೀನೂ ಕೂರಬೇಡ. ಆಂಬುಲೆನ್ಸಿಗೆ ಹೇಳು. ನಮ್ಮೂರಿನ ಜಡೇಸ್ವಾಮಿಯವರನ್ನು ಈಗಷ್ಟೇ ಎಬ್ಬಿಸಿ ಮಾತಾಡಿದ್ದೇನೆ. ಜೋಳದ ಹೊಲಗಳಲ್ಲಿ ಆನೆ ಇಳಿದಿವೆ, ಆದರೂ ಮಸುಕು ಹರಿಯುತ್ತಿದ್ದಂತೆ ಜೀಪು ತರುತ್ತೇನೆ ಎಂದಿದ್ದಾರೆ. ಆದರೆ ನೀನು ಅಷ್ಟರೊಳಗೆ ಹೊರಟುಬಿಟ್ಟರೆ? ಹಾಸನೂರಿನ ಮೇಲೆ ಹೋಗುತ್ತೀಯೋ ತಲಮಲೆಯ ಕಾಡುದಾರಿ ಹಿಡಿಯುತ್ತೀಯೋ ಯಾರಿಗೆ ಗೊತ್ತು? ಎಲ್ಲಿ ಬಂದು ನಿನ್ನನ್ನು ಅಡ್ಡಗಟ್ಟಲಿ?

ನನ್ನ ತಲೆ ಕೆಟ್ಟಿಲ್ಲ ಅಣ್ಣ. ಯಾರಾದರೂ ಹಾಗೆಂದರೆ ನಂಬಬೇಡ. ಒಂದು ಸಲ ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು, ಗೇಟು ತೆಗೆಯುವುದರೊಳಗೆ ಮಾಡು, ಅತ್ತಿಗೆ ಬಾಗಿಲು ತೆಗೆದು ಒಳಗೆ ಕೂರುವ ಮೊದಲು ಮಾಡು. ನನ್ನನ್ನು ಬಯ್ಯುವುದಕ್ಕಾದರೂ ಮಾಡು. ಇನ್ನು ಜನ್ಮದಲ್ಲಿ ನಿನ್ನ ಮನೆ ಮೆಟ್ಟಿಲು ಹತ್ತಬೇಡ ಎನ್ನುವುದಕ್ಕಾದರೂ ಫೋನ್ ಮಾಡು ಅಣ್ಣ.